‘ಬಿಡಿ’ ಎಂಬ ಶಬ್ದವೂ ಮಳವಳ್ಳಿಯ ಮೋಟಾರು ಪಂದ್ಯವೂ

ಮೋಟಾರು ನಡೆಸುವುದು ಕಷ್ಟವೆನ್ನುವವರು ಆ ವಿಷಯವಾಗಿ ಪುಸ್ತಕ ಓದಿಲ್ಲವೆಂದೇ ನಾನು ನಂಬಿದ್ದೆ. ನಾನು ಓದಿದ್ದೆ. ಕ್ಲಚ್ಚೆಂದರೇನು, ಗೇರೆಂದರೇನು, ಬ್ರೇಕಿನ ಧರ್ಮವೇನು ಎಂಬುದನ್ನು ಕಾಲೇಜಿನ ಚರ್ಚಾಕೂಟದಲ್ಲಿ ವಿಷಯ ಮಂಡಿಸುವಷ್ಟು ಕ್ರಮಬದ್ಧವಾಗಿ ತಿಳಿದಿದ್ದೆ. ಪ್ರತಿಪಕ್ಷ ಬ್ರೇಕನ್ನು ವಿರೋಧಿಸಿದ್ದರೆ ಖಂಡಿಸುವುದಕ್ಕೂ ಸಿದ್ಧನಾಗಿದ್ದೆ. ಆದುದರಿಂದ ಮಂಡ್ಯದ ಮೋಟಾರು ಕ್ಲಬ್ಬಿನವರು ಶನಿವಾರ ಪರೀಕ್ಷೆ, ಭಾನುವಾರ ಪಂದ್ಯ ಎಂದು ಸಾರಿದಾಗ, ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವ ಆ ರಸ್ತೆಯನ್ನು ನನ್ನ ವಿಜಯಯಾತ್ರೆಗೆಂದೇ ಹಾಕಿದ್ದಾರೆಂದು ತೋರಿತು.

ಕೀರ್ತಿಗಾಗಿ ಹೊರಟವನು ನಾನಲ್ಲ. ನನ್ನ ಗುರಿ ಸ್ತ್ರೀವಿದ್ಯಾಭ್ಯಾಸ! ಮದ್ದೂರಿನ ಬಳಿ ನನ್ನ ಮಾವನವರ ಜಮೀನಿನಲ್ಲಿ ಒಂದು ಆಲೆಮನೆಯಿತ್ತು. ಕಬ್ಬೆಲ್ಲ ಮಂಡ್ಯದ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಅಲ್ಲಿ ಬೆಲ್ಲ ಕಾಯಿಸುವವರೇ ಇರಲಿಲ್ಲ. ಅದನ್ನು ಹೆಣ್ಣುಮಕ್ಕಳ ಪಾಠಶಾಲೆಗೆ ಕೊಡಬೇಕೆಂದು ನಾನು ಮಾವನವರ ಜಗುಲಿಯ ಮೇಲೆ ಎದ್ದು ನಿಂತು ಭಾಷಣ ಮಾಡಿದೆ. ಪಾಠ ಹೇಳಲು ಲೋಯರ್ ಸೆಕೆಂಡರಿ ಪಾಸು ಮಾಡಿದ ನನ್ನ ಹೆಂಡತಿ ಚೆನ್ನಾಜಮ್ಮ ಸಿದ್ಧಳಿದ್ದಳು. ಅವಳು ಆ ಹೊತ್ತು ಒಳಗೆ ರಾಗಿ ಕೇರುತ್ತಿದ್ದುದರಿಂದ ಅವಳ ಅಭಿಪ್ರಾಯವನ್ನು ನಾನೇ ವಿಶದಪಡಿಸಿದೆ.

ಮಾವನವರು ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿದರು.

“ಅಳಿಯಂದ್ರೇ, ಮಾತೇನೋ ಚೆಂದಾಗದೆ. ಆದ್ರೆ ನೀವು ಸುರು ಮಾಡಿದ್ರಲ್ಲಿ ಯಾವ್ದು ಕೊನೆ ಮುಟ್ಯದೆ, ಏಳಿ? ಯೆಂಡ ಬುಡ್ಸೋ ಸಂಗ ಎಲ್ಲೋಯ್ತು? ರಾತ್ರೆ ಇಸ್ಕೂಲು ಎಲ್ಲೋಯ್ತು?”

ಎರಡೂ ಪರ್ಯಾಲೋಚನೆಯ ಹಂತದಲ್ಲಿವೆಯೆಂದು ನಿವೇದಿಸಿದೆ.

“ಅಂಗಾರೆ ಇದೊಂದ್ ಮಾಡಿ. ನನ್ ಮೋಟಾರ್ ತಕ್ಕೊಂಡು ಆ ಪಂದ್ಯಕ್ಕೋಗಿ. ಗೆಲ್ಲೋದೇನು ಬ್ಯಾಡ. ಎತ್ತು ಕಟ್ಟುಸ್ಕೊಳ್ದೆ ಮಳವಳ್ಳಿ ಮುಟ್ಟುದ್ರೆ ಸಾಕು, ಆಲೆಮನೆ ನಿಮ್ದು.”

ಇಷ್ಟು ಸುಲಭವಾದ ಷರತ್ತಿಗೆ ಒಪ್ಪುವುದು ಹಿರಿಯರಿಗೆ ಬಗೆಯುವ ಅನ್ಯಾಯವೇನೋ ಎಂದು ಕ್ಷಣಕಾಲ ಅಳುಕಿದೆ. ಆಮೇಲೆ ಒಪ್ಪಿದೆ.

ಶನಿವಾರ ಪರೀಕ್ಷೆಗೆ ಬ್ಲಫ್‌ನ ವಿದ್ಯುತ್ ಕೇಂದ್ರದಿಂದ ಒಬ್ಬ ಎಂಜಿನಿಯರರು ಬಂದಿದ್ದರು. ಬ್ರೇಕು ಹಾಕಿ ತೋರಿಸಿರೆಂದರು. ಬ್ರೇಕಿನ ತತ್ತ್ವವನ್ನು ಮೊದಲು ವಿವರಿಸುವುದು ಉಚಿತವೆಂದು ನಾನು ವಿವರಿಸತೊಡಗಿದೆ. ಮುಖ್ಯಾಂಶಕ್ಕೆ ಬರುವಷ್ಟರಲ್ಲಿ ಮೋಟಾರು ಕ್ಲಬ್ಬಿನ ಡೇರೆಯ ಗೂಟಕ್ಕೆ ಬಂದಿತ್ತು. ಡೇರೆ ಬಿತ್ತು. ಅದರೊಳಗೆ ಊಟಕ್ಕೆ ಎಲೆ ಹಾಕಿದ್ದುದರಿಂದ ಎಲ್ಲರಿಗೂ ಅವಸರವಾಗಿ ನನ್ನನ್ನು ಪಾಸು ಮಾಡಿಬಿಟ್ಟರು.

ಪ್ರತಿ ಮೋಟಾರಿನಲ್ಲಿಯೂ ಒಬ್ಬ ಜೊತೆಗಾರನಿರಬೇಕೆಂಬುದು ಕ್ಲಬ್ಬಿನ ನಿಯಮ. ಚೆನ್ನಾಜಮ್ಮ ತನ್ನ ತಮ್ಮ ಜವರಪ್ಪನನ್ನು ನೇಮಿಸಿ, ತಂದೆಯೊಡನೆ ಬಸ್ಸಿನಲ್ಲಿ ಮುಂಚಿತವಾಗಿ ಮಳವಳ್ಳಿಗೆ ಹೊರಟಳು.

“ಬಾವುಂಗೆ ದಾರಿ ಏಳ್ಕೊಡು ಕಣ್ಲಾ,” ಎಂದಳು ತಮ್ಮನಿಗೆ. “ಪುಸ್ತಕದಲ್ಲಿರೋದೆಲ್ಲ ಅವರಿಗೆ ಗೊತ್ತು. ರಸ್ತೆ ಪುಸ್ತಕದಲ್ಲಿಲ್ಲ ಕಣೋ.”

ಜವರಪ್ಪ ಹುಟ್ಟಿದಂದಿನಿಂದ ಎತ್ತಿನ ಗಾಡಿಯಲ್ಲಿ ಬೆಳೆದವನು. ಗಟ್ಟಿಮುಟ್ಟಾದ ಆಳು, ಗಟ್ಟಿಯಾದ ಗಂಟಲು.

ಭಾನುವಾರ ಮಂಡ್ಯದ ಮೈದಾನದಲ್ಲಿ ಬಾವುಟ ಇಳಿಯಿತು. ಜವರಪ್ಪ ನನ್ನ ಕಿವಿಯಲ್ಲೇ ಕೂಗಿದ:

“ಬುಡಿ ಬಾವಾ, ಬುಡಿ!”

ಬಿಡುವುದೆಂದರೆ ತ್ಯಜಿಸುವುದು. ಬೇರೆಯವರು ಮುಂದೆ ಹೋಗಲಿ ಬಿಡಿ ಎಂಬ ಅವನ ಉದಾರ ಮನಸ್ಸಿಗೆ ಮೆಚ್ಚಿ, ನಾನು ಕೈಯೆತ್ತಿ ಎಲ್ಲರಿಗೂ ದಾರಿ ತೋರಿಸಿದೆ. ಎಲ್ಲರೂ ಹೋದರು. ಧೂಳು ಮಾತ್ರ ಹಿಂದುಳಿಯಿತು.

“ಯಾಕ್ ಬಾವ ಕುಂತಿದ್ದೀರಿ? ಬುಡಿ ಅಂದ್ನಲ್ಲ!”

“ಬಿಟ್ಟೆನಲ್ಲಪ್ಪ.”

“ಅಯ್ಯೋ ಸಿವನೇ! ಬುಡಿ ಅಂದ್ರೆ ಗಾಡಿ ಬುಡಿ!”

ಹೌದು, ನಮ್ಮ ಸೀಮೆಯಲ್ಲಿ ಗಾಡಿ ಬಿಡುವುದೆಂದರೆ ಓಡಿಸುವುದು. ಒಂದೇ ಶಬ್ದ ತ್ಯಾಗವನ್ನೂ ಸೂಚಿಸಿ ವೇಗವನ್ನೂ ಸೂಚಿಸಿದರೆ ಸಮಾಜ ಮುಂದುವರಿಯುವ ಬಗೆ ಹೇಗೆ? ದಾರಿಯಲ್ಲೇ ನಾನೊಂದು ನಿರ್ಣಯವನ್ನು ಮಂಡಿಸಿದೆ: ಇನ್ನು ಮುಂದೆ ‘ಬುಡಿ’ ಎಂದರೆ ಮುಂದುವರಿಸಿ ಎಂದೇ ಅರ್ಥ. ಜವರಪ್ಪ “ಊ ಕನಿ” ಎಂದ. ನಿರ್ಣಯ ಸರ್ವಾನುಮತದಿಂದ ಅಂಗೀಕೃತವಾಯಿತು!

ಮದ್ದೂರು ದಾಟಿ ಬಹುದೂರ ಸುಖವಾಗಿಯೇ ಹೋದೆವು. ಮಳವಳ್ಳಿ ಸಮೀಪಿಸುತ್ತಿದ್ದಾಗ ನಮ್ಮ ಮುಂದೆ ಅದೇ ದಿಕ್ಕಿಗೆ ಹೋಗುತ್ತಿದ್ದ ಒಂದು ಬರಿಗಾಡಿ ಸಿಕ್ಕಿತು. ಕಬ್ಬನ್ನು ಇಳಿಸಿ ಊರಿಗೆ ಮರಳುತ್ತಿದ್ದ ರೈತನೊಬ್ಬ ಅದರಲ್ಲಿ ತೂಕಡಿಸುತ್ತಿದ್ದ. ನಾನು ಹಾರನ್ನು ಒತ್ತಿದೆ. ಎತ್ತುಗಳು ಕಿವಿ ನಿಮಿರಿಸಿದವು.

“ಆರನ್ ಬುಡಿ ಬಾವ!” ಎಂದ ಜವರಪ್ಪ.

ನಿರ್ಣಯದ ಪ್ರಕಾರ ಮುಂದುವರಿಸಿದೆ.

“ಬುಡಿ! ಆರನ್ ಬುಡಿ ಅಂದ್ರೆ!”

ಇನ್ನೂ ಜೋರಾಗಿ ಮುಂದುವರಿಸಿದೆ. ಎತ್ತುಗಳು ಗಾಡಿ ಸಮೇತ ಹುರುಳಿ ಹೊಲಕ್ಕೆ ನುಗ್ಗಿದವು. ರೈತ ಎಚ್ಚೆತ್ತು, ನನ್ನ ವಂಶದ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಸ್ಮರಿಸಿದ.

“ಆರನ್ ಬುಡದು ಅಂದ್ರೆ ನಿಲ್ಸದು ಬಾವ!” ಎಂದು ಜವರಪ್ಪ ಹಣೆ ಚಚ್ಚಿಕೊಂಡ.

ನಿರ್ಣಯಕ್ಕೆ ತಿದ್ದುಪಡಿ ಅನಿವಾರ್ಯವಾಯಿತು. ಹಿಂದೆ ಕರ್ಮಪದವಿದ್ದು, ಅದು ‘ಗಾಡಿ’ ಅಲ್ಲದಿದ್ದರೆ, ‘ಬುಡಿ’ ಎಂದರೆ ನಿಲ್ಲಿಸಿ. ಕರ್ಮಪದವಿಲ್ಲದೆ ಬರಿಯ ‘ಬುಡಿ’ ಬಂದರೆ ಓಡಿಸಿ. ಇದರಷ್ಟು ಸ್ಪಷ್ಟವಾದ ಸೂತ್ರವನ್ನು ಯಾವ ವಿದ್ವತ್ಸಭೆಯೂ ರಚಿಸಲಾರದೆಂದು ನಾನು ಹೆಮ್ಮೆಪಡುತ್ತಿದ್ದಾಗಲೇ ಕೆರೆಯ ಏರಿ ಬಂತು. ಅಲ್ಲಿ ರಸ್ತೆ ಥಟ್ಟನೆ ಎಡಕ್ಕೆ ತಿರುಗಿತ್ತು.

“ಬುಡಿ ಬಾವಾ! ಬುಡಿ! ಬುಡಿ!”

ಕರ್ಮಪದವಿರಲಿಲ್ಲ. ಬರಿಯ ಕ್ರಿಯಾಪದ, ಅದೂ ಮೂರು ಸಲ. ನಾನು ಬಲವಾಗಿ ತುಳಿದೆ.

ಈಗ ಬಿಡುವ ಸರದಿ ಮೋಟಾರಿನದಾಯಿತು. ಅದು ರಸ್ತೆಯನ್ನು ಬಿಟ್ಟಿತು.

ಕಣ್ಣು ತೆರೆದಾಗ ನಾವು ಕೆರೆಯ ಕೆಳಗಿನ ಗದ್ದೆಯಲ್ಲಿದ್ದೆವು. ಚಕ್ರಗಳು ಕೆಸರಿನಲ್ಲಿ ಮುಳುಗಿದ್ದವು. ನಮಗೆ ಏನೂ ಪೆಟ್ಟಾಗಿರಲಿಲ್ಲ. ಅಷ್ಟು ಮೆತ್ತಗಿನ ಜಾಗವನ್ನು ಆರಿಸಿಕೊಂಡಿದ್ದೆ.

“ಕಾಲ್ ಬುಡಿ ಅಂದ್ನಲ್ಲ ಬಾವ!” ಎಂದ ಜವರಪ್ಪ, ಬಾಯಿಂದ ಕೆಸರು ಉಗುಳುತ್ತ.

“ನೀನು ‘ಕಾಲು’ ಎನ್ನಲಿಲ್ಲ.”

“ಕಾಲಿನ್ ಎಸ್ರು ಏಳಕ್ಕೆ ಟೇಮೆಲ್ಲಿತ್ತು?”

ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಜವರಪ್ಪ ನೂಕಿದ, ನಾನು ನೂಕಿದೆ. ಗದ್ದೆ ನಮ್ಮ ಮೂವರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಏರಿಯ ಮೇಲೆ ಗಾಲಿಯ ಸದ್ದು ಕೇಳಿಸಿತು. ಹುರುಳಿ ಹೊಲದ ರೈತ! ಗಾಡಿ ನಿಲ್ಲಿಸಿ, ಬೀಡಿ ಹಚ್ಚಿ, ಕಣ್ತುಂಬ ನೋಡಿದ.

“ಏನ್ ಸ್ವಾಮಿ, ಆಗ ಅಷ್ಟೊಂದ್ ಪೀಪಿ ಊದ್ತಿದ್ರಿ. ಈಗ ಊದ್ರಲ್ಲ, ಅದೆಂಗ್ ಎದ್ ಬತ್ತದೋ ನೋಡವ!”

ನಾನು ಸ್ತ್ರೀವಿದ್ಯಾಭ್ಯಾಸದ ಮಹತ್ತ್ವವನ್ನು ಅವನಿಗೆ ವಿವರಿಸಿದೆ. ಜವರಪ್ಪ ಅವನ ಕಾಲು ಹಿಡಿದುಕೊಂಡ. ಜವರಪ್ಪನ ವಾದ ಫಲಿಸಿತು. ಮೋಟಾರಿಗೆ ಎತ್ತು ಕಟ್ಟಿದರು.

ಎತ್ತುಗಳು ಮೋಟಾರನ್ನು ಎಳೆದು ರಸ್ತೆಗೆ ತಂದವು. ಕುಳಿತಲ್ಲೇ ನಾನು ಆಲೆಮನೆಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ. ಹೆಣ್ಣುಮಕ್ಕಳ ಸ್ಲೇಟುಗಳೂ ಬಳಪಗಳೂ ಅದೇ ಕೆಸರಿನಲ್ಲಿ ಮುಳುಗುವಂತೆ ಕಂಡಿತು. ಆಗ ಜವರಪ್ಪ ಮೆಲ್ಲಗೆ ಹೇಳಿದ:

“ಬಾವ, ಊರ್ ಬಾಗ್ಲಲ್ಲಿ ಎತ್ ಬುಟ್ಬುಟ್ಟು ಎಂಜಿನ್ ಆಕ್ಕೊಂಡ್ ಓಗವ. ಅಪ್ಪಯ್ಯುಂಗೆ ಏನ್ ಗೊತ್ತಾದದು?”

ಸಾಧ್ಯ ಪವಿತ್ರವಾಗಿದ್ದರೆ ಸಾಧನವೂ ಪವಿತ್ರವಾಗಿರಬೇಕೆಂದು ನಾನು ಕಾಲೇಜಿನಲ್ಲಿ ವಾದಿಸಿ ಪದಕ ಪಡೆದವನು. ಕೆಸರು ಮೆತ್ತಿಕೊಂಡಾಗ ವಾದ ಸ್ವಲ್ಪ ಸಡಿಲವಾಗುತ್ತದೆ. ಊರ ಬಾಗಿಲಲ್ಲಿ ಇಳಿದು ಹ್ಯಾಂಡಲು ತಿರುಗಿಸಿದೆ. ತಿರುಗಿಸಿದೆ. ಇನ್ನೂ ತಿರುಗಿಸಿದೆ. ಎಂಜಿನ್ನು ಚಾಲೂ ಆಗಲಿಲ್ಲ. ಆ ಭಾನುವಾರ ನಾನು ಸತ್ಯವಂತನಾಗಿ ಉಳಿದೆನೆಂದರೆ ಅದರ ಶ್ರೇಯಸ್ಸೆಲ್ಲ ಎಂಜಿನ್ನಿಗೆ ಸಲ್ಲಬೇಕು!

ಹೀಗೆ ಎತ್ತಿನ ಹಿಂದೆಯೇ ಮಳವಳ್ಳಿಯನ್ನು ಪ್ರವೇಶಿಸಿದೆ. ಪಂದ್ಯ ಮುಗಿಸಿದ ಉಳಿದವರು ಕಾಫಿ ಕುಡಿದು, ಎರಡನೆಯ ಸಲ ಕುಡಿಯುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು, ನನಗೋ ಎತ್ತಿಗೋ ತಿಳಿಯಲಿಲ್ಲ.

ಮರದ ನೆರಳಿನಲ್ಲಿ ಮಾವನವರು ನಿಂತಿದ್ದರು. ಪಕ್ಕದಲ್ಲಿ ಚೆನ್ನಾಜಮ್ಮ. ನಾನು ಆಸನದ ಮೇಲೆ ಎದ್ದು ನಿಂತು, “ಪೂಜ್ಯರೇ, ಸೋಲನ್ನು ಒಪ್ಪಿಕೊಳ್ಳುತ್ತ...” ಎಂದು ಆರಂಭಿಸಿದೆ.

“ಇರ್ಲಿ ಇರ್ಲಿ,” ಎಂದರು ಮಾವನವರು. “ಆಲೆಮನೆ ಆಗ್ಲೇ ಕೊಟ್ಟಾಯ್ತು.”

“ಯಾರಿಗೆ?”

“ನನ್ ಮಗ್ಳಿಗೆ. ಇಲ್ಲಿ ಕಾಯ್ತಾ ಕುಂತಿದ್ದಾಗ ಕೇಳುದ್ಲು. ‘ಅಪ್ಪಯ್ಯ, ಪಾಠ ಏಳೋಳು ನಾನು, ಅವ್ರು ಮೋಟಾರ್ ಓಡ್ಸುದ್ರೇನು ಬುಟ್ರೇನು’ ಅಂದ್ಲು. ಅದೂ ಸರಿ ಅನ್ನುಸ್ತು.”

ನಾನು ಜಗುಲಿಯ ಮೇಲೆ ಅಷ್ಟೊಂದು ಮಾತನಾಡಿ, ಡೇರೆ ಕೆಡವಿ, ಗದ್ದೆ ಉತ್ತು ಸಾಧಿಸಲಾರದ್ದನ್ನು ಅವಳು ಮರದ ಕೆಳಗೆ ಒಂದೇ ಮಾತಿನಲ್ಲಿ ಮುಗಿಸಿದ್ದಳು! ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಮಾವನವರು ಮೋಟಾರಿನ ಸುತ್ತ ಒಂದು ಸುತ್ತು ಬಂದು, ಮುರಿದ ದೀಪವನ್ನು ಮುಟ್ಟಿ ನೋಡಿ, ನಿಟ್ಟುಸಿರುಬಿಟ್ಟು ಹೇಳಿದರು:

“ಅಳಿಯಂದ್ರೇ, ಇನ್ ಮ್ಯಾಕೆ ನೀವು ಗಾಡಿ ಬುಡಿ.”

ನನ್ನ ಎದೆ ಉಬ್ಬಿತು. ಇಷ್ಟಾದರೂ ನನ್ನ ಮೇಲೆ ಎಂಥ ವಿಶ್ವಾಸ! ಪದವೂ ‘ಗಾಡಿ’ಯೇ, ಸೂತ್ರದಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಹ್ಯಾಂಡಲು ತಿರುಗಿಸೆಂದು ಜವರಪ್ಪನಿಗೆ ಸನ್ನೆ ಮಾಡಿ, ಚಕ್ರ ಹಿಡಿದು ನೆಟ್ಟಗೆ ಕುಳಿತೆ.

ಮಳವಳ್ಳಿಗೆ ಮಳವಳ್ಳಿಯೇ ನಕ್ಕಿತು. ಚೆನ್ನಾಜಮ್ಮ ಮಾತ್ರ ನಗದೆ ಹತ್ತಿರ ಬಂದು, ಸೆರಗಿನ ತುದಿಯಿಂದ ನನ್ನ ಕನ್ನಡಕದ ಕೆಸರು ಒರೆಸಿ, ಬಾಗಿಲು ತೆರೆದಳು.

“ಇಳೀರಿ,” ಎಂದಳು.

ಆ ಶಬ್ದಕ್ಕೆ ಒಂದೇ ಅರ್ಥ. ಇಳಿದೆ.