ತಕ್ಕಡಿ ಸಾಹೇಬರ ಹವ್ಯಾಸದ ದಿನ

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ಚೀಟಿ. ಅದರಲ್ಲಿ ತಕ್ಕಡಿ ಸಾಹೇಬರ ರಕ್ತದೊತ್ತಡ ನೂರಾ ಎಂಬತ್ತು ಎಂದು ಬರೆದಿತ್ತು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆ ಮಾಡಿ, ಅಂಗಡಿಯವರನ್ನೂ ಅವರ ತಕ್ಕಡಿಗಳನ್ನೂ ಒಟ್ಟಿಗೇ ನಡುಗಿಸಿ, ನಾಲ್ಕು ತಿಂಗಳ ಹಿಂದೆ ನಿವೃತ್ತರಾದವರು. ಕೆಲಸ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ. ಬೆಳಗಾದರೆ ಹಾಲು ಅಳೆಯುವುದು, ಹೆಂಡತಿ ಬಾಣಲೆಗೆ ಎಣ್ಣೆ ಬಿಟ್ಟರೆ “ಅರ್ಧ ಚಮಚ ಜಾಸ್ತಿಯಾಯ್ತು” ಎನ್ನುವುದು, ಅವಳು ಬಟ್ಟೆ ಮಡಿಸಿದರೆ ಅಂಚಿಗೆ ಅಂಚು ಕೂಡಿದೆಯೇ ಎಂದು ಬಗ್ಗಿ ನೋಡುವುದು. ಇಷ್ಟು ಬಿಟ್ಟರೆ ಆರಾಮಕುರ್ಚಿ. ಇಂಥ ನೆಮ್ಮದಿಯ ಮನುಷ್ಯನಿಗೆ ಈ ಕಾಯಿಲೆ ಎಲ್ಲಿಂದ ವಕ್ಕರಿಸಿತು ಎಂದು ಅವರಿಗೇ ಆಶ್ಚರ್ಯ. ಜೊತೆಯಲ್ಲೇ ತಪಾಸಣೆ ಮಾಡಿಸಿಕೊಂಡ ಹೆಂಡತಿಯ ಚೀಟಿಯಲ್ಲಿ ನೂರಾ ಇಪ್ಪತ್ತು ಮಾತ್ರ ಇತ್ತು.

“ಏನಾದ್ರೂ ಹವ್ಯಾಸ ಹಚ್ಕೊಳ್ಳಿ. ಸುಮ್ನೆ ಮನೇಲಿ ಕೂತ್ಕೋಬೇಡಿ. ಒಂದು ವಾರ ನೋಡ್ತೀನಿ. ಇಳೀಲಿಲ್ಲ ಅಂದ್ರೆ ಊಟದಲ್ಲಿ ಉಪ್ಪು ಬಂದ್. ಚಿಟಿಕೇನೂ ಇಲ್ಲ” ಎಂದಿದ್ದರು ಡಾಕ್ಟರು.

ಉಪ್ಪಿಲ್ಲದ ಊಟ ನೆನೆದೇ ಸಾಹೇಬರ ಕಣ್ಣಲ್ಲಿ ನೀರಾಡಿತು. ಆದರೂ ಯಾವ ಹವ್ಯಾಸ ಹಿಡಿಯಬೇಕೆಂದು ಆರಾಮಕುರ್ಚಿಯಲ್ಲಿ ಯೋಚಿಸುತ್ತ ಕೂತು ಆರು ದಿನ ಕಳೆದರು.

ಏಳನೆಯ ದಿನ ಬೆಳಿಗ್ಗೆ ಹೆಂಡತಿ ಕೇಳಿದಳು: “ರೀ, ಸಾಯಂಕಾಲ ಐದಕ್ಕೆ ಡಾಕ್ಟರ ಹತ್ರ ಹೋಗ್ಬೇಕು. ಯಾವ ಹವ್ಯಾಸ ಹಿಡಿದೆ ಅಂತ ಹೇಳ್ತೀರಿ?”

“ಯೋಚನೆ ಮಾಡೋದು ಅಂತೀನಿ.”

“ಅದೂ ನಿಮಗೆ ಅಭ್ಯಾಸ ಇಲ್ವಲ್ಲ!”

ಈ ಮಾತು ಎದುರುಮನೆಯ ಪೋಸ್ಟ್‌ಮಾಸ್ಟರ ಕಿವಿಗೆ ಬಿತ್ತು. ಅವರೂ ನಿವೃತ್ತರೇ. ಆದರೆ ಹನ್ನೊಂದು ಹವ್ಯಾಸಗಳ ಒಡೆಯರು. ಕಿಟಕಿಯಲ್ಲಿ ಇಣುಕಿದವರು ಮರುಕ್ಷಣ ಬಾಗಿಲಲ್ಲಿದ್ದರು.

“ಏಳಿ ಸಾಹೇಬ್ರೇ! ಒಂದೇ ದಿನದಲ್ಲಿ ಇಳಿಸಿಕೊಡೋ ಜವಾಬ್ದಾರಿ ನಂದು.”

ಸಾಹೇಬರು ಹೆಂಡತಿಯ ಮುಖ ನೋಡಿದರು. ಅವಳು ಆಗಲೇ ಅವರ ಚಪ್ಪಲಿ ತಂದಿಟ್ಟಿದ್ದಳು.

ಪೋಸ್ಟ್‌ಮಾಸ್ಟರು ಪಾರ್ಸೆಲ್ ತಲುಪಿಸುವ ಹಾಗೆ ಅವರನ್ನು ಮೊದಲು ತಲುಪಿಸಿದ್ದು ಹಿಂದಿನ ಬೀದಿಯ ಹಾಡಿನ ಟೀಚರ ಮನೆಗೆ. ಹತ್ತು ಜನ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ “ಆ...” ಎನ್ನುತ್ತಿದ್ದರು. “ಉಸಿರು ಇರೋವರೆಗೂ ಎಳೀರಿ, ಮನಸ್ಸು ಹಗುರ ಆಗುತ್ತೆ” ಎಂದರು ಟೀಚರು. ಎಲ್ಲರೂ ಎಳೆದರು. ಸಾಹೇಬರು ಮಾತ್ರ ಕೈಗಡಿಯಾರ ಬಿಚ್ಚಿ ಹಿಡಿದರು.

“ಈಯಮ್ಮನದು ಹದಿನಾಲ್ಕು ಸೆಕೆಂಡು. ಆ ಮೂಲೆ ಅಜ್ಜಿದು ಬರೀ ಆರು. ಒಂದೇ ಫೀಸು ತಗೊಂಡು ಒಬ್ಬೊಬ್ಬರಿಗೆ ಒಂದೊಂದು ಅಳತೆ ಅಂದ್ರೆ ಹೇಗೆ ಟೀಚರ್?”

ಮೂಲೆಯ ಅಜ್ಜಿ ಟೀಚರ ಅತ್ತೆ. ಅವರು ಆರು ಸೆಕೆಂಡಿನಲ್ಲಿ ಮುಗಿಸಿದ್ದನ್ನು ಆಮೇಲೆ ಬೈಗುಳದಲ್ಲಿ ಬಡ್ಡಿಸಮೇತ ತೀರಿಸಿದರು. ಸಾಹೇಬರು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಬಿದ್ದರು.

“ಗಾಬರಿಯಾಗ್ಬೇಡಿ. ಜೇಡಿಮಣ್ಣು ಮುಟ್ಟಿದ್ರೆ ಸಾಕು, ಒತ್ತಡ ತಾನಾಗೇ ಇಳಿಯುತ್ತೆ” ಎಂದು ಪೋಸ್ಟ್‌ಮಾಸ್ಟರು ಅವರನ್ನು ಕುಂಬಾರಿಕೆ ಕಲಿಸುವ ಶೆಡ್ಡಿಗೆ ಕರೆದೊಯ್ದರು.

ಅಲ್ಲಿ ಸಾಹೇಬರಿಗೆ ನಿಜಕ್ಕೂ ಖುಷಿಯಾಯಿತು. ತಿರುಗುವ ಚಕ್ರದ ಮೇಲೆ ಒಂದು ಸೊಟ್ಟ ಲೋಟ ಮಾಡಿದರು. ಯಾರೂ ಏನೂ ಅನ್ನಲಿಲ್ಲ. ಎದೆ ಹಗುರವಾಯಿತು. ಅಷ್ಟರಲ್ಲಿ ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಮೂವತ್ತು ಲೋಟಗಳು ಕಣ್ಣಿಗೆ ಬಿದ್ದವು. ಎಲ್ಲ ನೋಡಲು ಒಂದೇ ಗಾತ್ರ. ಆದರೆ ಹಿಡಿಯುವ ನೀರು? ಮೂವತ್ತನಾಲ್ಕು ವರ್ಷದ ಕೈ ಸುಮ್ಮನಿರಲಿಲ್ಲ. ಮೂಲೆಯಲ್ಲಿದ್ದ ಬಕೆಟ್ಟಿನಿಂದ ಒಂದೊಂದಕ್ಕೂ ಕಂಠಪೂರ್ತಿ ನೀರು ತುಂಬಿ, ಬಗ್ಗಿ ನಿಂತು ಹೋಲಿಸಿ ನೋಡತೊಡಗಿದರು.

ಅವು ಇನ್ನೂ ಸುಡದ ಹಸಿ ಲೋಟಗಳು. ನಾಳಿನ ಪ್ರದರ್ಶನಕ್ಕೆಂದು ತಿಂಗಳಿಡೀ ಮಾಡಿದ್ದು. ಮೊದಲನೆಯದು ಮೆಲ್ಲಗೆ ತಲೆ ತೂಗಿತು. ಎರಡನೆಯದು ಕುಸಿದು ಕೂತಿತು. ಕುಂಬಾರಿಕೆಯ ಗುರುಗಳು ಊಟ ಮುಗಿಸಿ ಬರುವಷ್ಟರಲ್ಲಿ ಮೂವತ್ತೂ ಒಂದೇ ಕೆಸರಾಗಿ ಸಾಹೇಬರ ಪ್ಯಾಂಟಿನ ಮೇಲೆ ಇಳಿಯುತ್ತಿದ್ದವು.

“ಯಾವುದೂ ಸರಿಯಾದ ಅಳತೇಲಿ ಇರಲಿಲ್ಲ” ಎಂದರು ಸಾಹೇಬರು, ಮೆತ್ತಗೆ.

ಗುರುಗಳು ಕೋಲು ಹುಡುಕಿದರು.

ಮೂರನೆಯದು ಪಾರ್ಕಿನಲ್ಲಿ ಹಕ್ಕಿ ನೋಡುವ ಸಂಘ. “ಇಲ್ಲಿ ಸುಮ್ನೆ ಕೂತ್ರಾಯ್ತು, ಮಾತಾಡೋ ಹಾಗೂ ಇಲ್ಲ” ಎಂದರು ಪೋಸ್ಟ್‌ಮಾಸ್ಟರು. ಅವರ ದನಿಯಲ್ಲೂ ಈಗ ಮೊದಲಿನ ಹುರುಪಿರಲಿಲ್ಲ. ಪೊದೆಯ ಹಿಂದೆ ಐದಾರು ಜನ ದುರ್ಬೀನು ಹಿಡಿದು ಉಸಿರು ಬಿಗಿಹಿಡಿದಿದ್ದರು. ಮೂರು ವಾರ ಕಾದ ಮೇಲೆ ಆ ದಿನ ಯಾವುದೋ ಅಪರೂಪದ ನೀಲಿ ಹಕ್ಕಿ ಮರದಲ್ಲಿ ಬಂದು ಕೂತಿತ್ತಂತೆ. ಸಂಘದ ಕಾರ್ಯದರ್ಶಿ ತಮ್ಮ ಪುಸ್ತಕದಲ್ಲಿ “ಮರದಲ್ಲಿ ಸುಮಾರು ನಲವತ್ತು ಹಕ್ಕಿ” ಎಂದು ಪಿಸುಗುಟ್ಟುತ್ತ ಬರೆದುಕೊಂಡರು.

‘ಸುಮಾರು’ ಎಂಬ ಪದ ಕೇಳಿದರೆ ಸಾಹೇಬರಿಗೆ ಮೈಮೇಲೆ ಜಿರಲೆ ಹರಿದಂತಾಗುತ್ತಿತ್ತು. ತಡೆದುಕೊಂಡರು. ಉಪ್ಪನ್ನು ನೆನೆದು ಇನ್ನೊಮ್ಮೆ ತಡೆದುಕೊಂಡರು. ಕೊನೆಗೆ ಆಗಲೇ ಇಲ್ಲ. ಎದ್ದು ನಿಂತು, “ಹೊರಗೆ ಬಂದ್ರೆ ತಾನೇ ಸರಿಯಾಗಿ ಎಣಿಸೋಕಾಗೋದು?” ಎಂದು ಎರಡೂ ಕೈ ಸೇರಿಸಿ ಜೋರಾಗಿ ಚಪ್ಪಾಳೆ ತಟ್ಟಿದರು.

ಲೆಕ್ಕ ಐವತ್ತಮೂರು. ಅದನ್ನು ಹೇಳುವ ಹೊತ್ತಿಗೆ ಅವರು ಓಡುತ್ತಿದ್ದರು. ಹಿಂದೆ ಹಕ್ಕಿ ಸಂಘ, ಅದರ ಮುಂಚೂಣಿಯಲ್ಲಿ ಪೋಸ್ಟ್‌ಮಾಸ್ಟರು.

ಐದಕ್ಕೆ ಹತ್ತು ನಿಮಿಷವಿರುವಾಗ ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಏದುಸಿರು ಬಿಡುತ್ತ ಕ್ಲಿನಿಕ್ಕಿಗೆ ನುಗ್ಗಿದರು. ಹೆಂಡತಿ ಆಗಲೇ ಬಂದು ಕೂತಿದ್ದಳು. ತಲೆ ನೀಟಾಗಿ ಬಾಚಿತ್ತು, ಕೈಯಲ್ಲೊಂದು ಪತ್ರಿಕೆಯಿತ್ತು, ಅವಳು ಏನೋ ಗುನುಗುತ್ತಿದ್ದಳು.

“ನನ್ನ ಕತೆ ಮುಗೀತು ಕಣೇ. ಉಪ್ಪಿನ ಡಬ್ಬಿ ಯಾರಿಗಾದ್ರೂ ಕೊಟ್ಬಿಡು” ಎಂದರು ಸಾಹೇಬರು. ಅವರಿಗೆ ನಿಜಕ್ಕೂ ಭಯವಾಗಿತ್ತು.

ನರ್ಸಮ್ಮ ಇಬ್ಬರನ್ನೂ ಅರ್ಧ ಗಂಟೆ ಸುಮ್ಮನೆ ಕೂರಿಸಿ, ಆಮೇಲೆ ಇಬ್ಬರ ತೋಳಿಗೂ ಪಟ್ಟಿ ಸುತ್ತಿ ನೋಡಿದರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು.

“ಸಾಹೇಬ್ರೇ, ನಿಮ್ಮದು ನೂರಾ ಇಪ್ಪತ್ತು. ಹೋದ ವಾರಾನೂ ಅಷ್ಟೇ ಇತ್ತು.”

“ಹೋದ ವಾರ ನೂರಾ ಎಂಬತ್ತು ಅಂದಿದ್ರಲ್ಲ?”

ನರ್ಸಮ್ಮ ಸೆರಗು ತಿರುವುತ್ತ ಮುಂದೆ ಬಂದರು. “ಅವತ್ತು ನೀವು ನಮ್ಮ ಮಿಷನ್ನಿಗೆ ಸರ್ಕಾರಿ ಮುದ್ರೆ ಎಲ್ಲಿ, ಹೋದ ಸಲ ಯಾವಾಗ ಪರೀಕ್ಷೆ ಮಾಡ್ಸಿದ್ರಿ ಅಂತ ತಲೆಕೆಳಗೆ ಮಾಡಿ ಹುಡುಕ್ತಿದ್ರಲ್ಲ ಸಾರ್, ಆ ಗಾಬರೀಲಿ ಅಮ್ಮಾವ್ರ ಲೆಕ್ಕ ನಿಮ್ಮ ಚೀಟೀಲಿ ಬರೆದ್ಬಿಟ್ಟೆ. ಇವತ್ತು ಬೆಳಿಗ್ಗೆ ಗೊತ್ತಾದ ತಕ್ಷಣ ಮನೆಗೆ ಫೋನ್ ಮಾಡ್ದೆ. ಅಮ್ಮಾವ್ರೇ ತಗೊಂಡ್ರು.”

ಸಾಹೇಬರಿಗೆ ಉಪ್ಪು ಉಳಿಯಿತೆಂಬ ಸಂತೋಷವೂ ಮರೆತುಹೋಯಿತು. “ನೂರಾ ಎಂಬತ್ತು ನಿಂದಾ? ಗೊತ್ತಾಗಿದ್ರೆ ನನ್ನನ್ಯಾಕೆ ಕರೆಸ್ಲಿಲ್ಲ?”

“ನೀವು ಹೊರಗೆ ಹೋಗಾಗಿತ್ತಲ್ಲ” ಎಂದಳು ಹೆಂಡತಿ, ಪತ್ರಿಕೆ ಮಡಚುತ್ತ.

“ಆದ್ರೆ ಈಗ ನೋಡಿ, ನೂರಾ ಇಪ್ಪತ್ತೈದು!” ಡಾಕ್ಟರಿಗೆ ಬೆರಗು. “ಒಂದೇ ವಾರದಲ್ಲಿ ಇಷ್ಟು ಇಳಿದದ್ದು ನಾನು ಕಂಡಿಲ್ಲ. ಏನು ಔಷಧಿ ತಗೊಂಡ್ರಮ್ಮ?”

“ಏನೂ ಇಲ್ಲ ಡಾಕ್ಟ್ರೇ. ಇವರು ಬೆಳಿಗ್ಗೆಯಿಂದ ಮನೇಲಿರಲಿಲ್ಲ.”

ಡಾಕ್ಟರು ಸಾಹೇಬರನ್ನು ನೋಡಿದರು. ನರ್ಸಮ್ಮನೂ ನೋಡಿದರು. ಆಮೇಲೆ ಡಾಕ್ಟರು ಪೆನ್ನು ತೆಗೆದು ಹೆಂಡತಿಯ ಹೆಸರಿನಲ್ಲಿ ಹೊಸ ಚೀಟಿ ಬರೆದರು: ಯಜಮಾನರಿಗೆ ಹವ್ಯಾಸ, ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ, ತಪ್ಪದೆ.

“ಡಾಕ್ಟ್ರೇ, ಇವತ್ತೊಂದು ದಿನಕ್ಕೇ ಮೂರು ಕಡೆ ಅಟ್ಟಿಸಿಕೊಂಡು ಬಂದ್ರು! ನನ್ನ ಜೀವ ಏನಾಗ್ಬೇಕು?”

“ನಿಮಗೇನಾಗುತ್ತೆ? ಅಷ್ಟೆಲ್ಲ ಓಡಿ ಬಂದ್ರೂ ನೂರಾ ಇಪ್ಪತ್ತು. ಗುಂಡುಕಲ್ಲಿನ ಹಾಗಿದೀರಿ, ತಡ್ಕೋತೀರಿ.”

ಸಾಹೇಬರು ಹೆಂಡತಿಯ ಕಡೆ ನೋಡಿದರು. ಅವಳ ಮುಖದಲ್ಲಿ ನಾಲ್ಕು ತಿಂಗಳಿಂದ ಕಾಣದ ಒಂದು ಕಳೆಯಿತ್ತು. ಆ ಮುಖದೆದುರು ವಾದ ಮಾಡುವ ಧೈರ್ಯ ಅವರಿಗೆ ಬರಲಿಲ್ಲ.

“ಇದು... ಎಷ್ಟು ದಿನದ ಕೋರ್ಸು ಡಾಕ್ಟ್ರೇ?” ಎಂದು ಸಣ್ಣ ದನಿಯಲ್ಲಿ ಕೇಳಿದರು.

“ರಕ್ತದೊತ್ತಡದ ಔಷಧಿ ಅಲ್ವಾ ಸಾಹೇಬ್ರೇ, ಜೀವನಪೂರ್ತಿ.”

ಹೆಂಡತಿ ಚೀಟಿಯನ್ನು ನಾಲ್ಕಾಗಿ ಮಡಚಿ ಜೋಪಾನವಾಗಿ ಪರ್ಸಿನೊಳಗಿಟ್ಟುಕೊಂಡಳು.