ಒಂದು ಕೆಟ್ಟರೆ ಇನ್ನೊಂದು

ಟೆಲಿಫೋನ್ ರಿಪೇರಿ ಮಾಡುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಟೆಲಿಫೋನ್ ಸುಮ್ಮನಿದ್ದರೂ ಅದರ ಮುಂದೆ ನಿಂತ ಮನುಷ್ಯ ಸುಮ್ಮನಿರುವುದಿಲ್ಲ. ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ನಾನು ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಸೀಮೆಗೆ ಟೆಲಿಫೋನ್ ಮಿಸ್ತ್ರಿಯಾಗಿದ್ದೆ. ವಾಡಿ ಸ್ಟೇಶನ್ನಿನಲ್ಲಿ ಇಳಿದ ಸಾಮಾನು ಗಾಡಿಗೆ ಹೇರಿಕೊಂಡು ಹೋಗಿ, ಇದ್ದ ತಂತಿಯ ಜೊತೆ ಇನ್ನೊಂದು ತಂತಿ, ಇದ್ದ ಗಂಟೆಯ ಜೊತೆ ಇನ್ನೊಂದು ಗಂಟೆ, ಇದ್ದ ಫೋನಿನ ಜೊತೆ ಇನ್ನೊಂದು ಫೋನು ಕೂಡಿಸುವುದು ನನ್ನ ಕೆಲಸ. ಒಂದು ಕೆಟ್ಟರೆ ಇನ್ನೊಂದು ನಡೆಯಬೇಕು, ಮಾತು ನಿಲ್ಲಬಾರದು. ಹೇಳಲಿಕ್ಕೆ ಇಷ್ಟೇ.

ಕೆಡದ ಫೋನು

ಸೇಡಂ ತಹಸೀಲ್ದಾರರ ಕಚೇರಿಯಲ್ಲಿ ಹಳೆಯ ಫೋನಿನ ಪಕ್ಕಕ್ಕೇ ಎರಡನೇ ಫೋನನ್ನು ಗೋಡೆಗೆ ಹಚ್ಚಿದೆ. ಸಾಹೇಬರು ಎದ್ದು ಬಂದು ಎರಡನ್ನೂ ನೋಡಿದರು.

"ಇದು ಯಾಕ?"

"ಆ ಫೋನು ಒಮ್ಮೊಮ್ಮೆ ಕೆಡ್ತದ ಹುಜೂರ್. ಅದು ಕೆಟ್ಟಾಗ ಇದು ಕೆಲಸಕ್ಕ ಬರ್ತದ."

ಸಾಹೇಬರು ಗಡ್ಡ ನೀವಿಕೊಂಡರು. "ಹಂಗಾದ್ರ ಕೆಡೋದನ್ನ ಯಾಕ ಮೊದಲು ಹಚ್ಚೀರಿ? ಅಕಲ್ ಅದನೋ ಇಲ್ಲೋ? ಕೆಡದಿರೋದನ್ನ ಮೊದಲು ಹಚ್ಚ್ರಿ, ಕೆಡೋದನ್ನ ಆಮ್ಯಾಲ ಹಚ್ಚ್ರಿ."

ಎರಡೂ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಎರಡನ್ನೂ ಬಿಚ್ಚಿ, ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಚ್ಚಿದೆ. ಸಾಹೇಬರು ದೂರ ನಿಂತು ನೋಡಿ, "ಈಗ ಬರೋಬ್ಬರಿ ಆಯ್ತು ನೋಡ್ರಿ. ನಾವಿಲ್ಲಾಂದ್ರ ನಿಮ್ಮ ಖಾತೆ ನಡಿಯೋದು ಕಷ್ಟ" ಎಂದರು.

ಊಟದ ಗಂಟೆ

ಶಹಾಬಾದದಲ್ಲಿ ಒಬ್ಬ ಕಲ್ಲಿನ ಸಾಹುಕಾರರಿದ್ದರು. ಅವರ ಅಂಗಳದಲ್ಲಿ ಹಾಸುಗಲ್ಲು ಕಡಿಯುವ ಸಪ್ಪಳಕ್ಕೆ ಒಳಗಿನ ಫೋನಿನ ಗಂಟೆ ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೆಂದು ಅಂಗಳದ ಕಂಬಕ್ಕೆ ದೊಡ್ಡದೊಂದು ಎರಡನೇ ಗಂಟೆ ಹಚ್ಚಿಕೊಟ್ಟೆ. ಮರುದಿನವೇ ಕರೆಸಿದರು.

"ಏ ಮಿಸ್ತ್ರಿ, ನಿಮ್ಮ ಗಂಟಿ ಒಯ್ಯ್ರಿ ಮೊದಲು! ಅದು ಬಾರಿಸಿದ ಕೂಡ್ಲೆ ಎಲ್ಲಾರೂ ಉಳಿ ಸುತ್ತಿಗಿ ಇಟ್ಟು ಬುತ್ತಿ ಬಿಚ್ಚಾಕತ್ತಾರ. ನಿನ್ನಿ ಮಧ್ಯಾಹ್ನದೊಳಗ ಎಷ್ಟು ಸಲ ಊಟ ಮಾಡ್ಯಾರ ಆ ದೇವರಿಗೇ ಗೊತ್ತು."

"ಅದು ಊಟದ ಗಂಟಿ ಅಲ್ಲಾಂತ ಹೇಳ್ರಿ."

"ಹೇಳೀನಿ. ನಮಗ ಹಸಿವಿ ಆದಾಗೇ ಬಾರಸ್ತದ, ಮತ್ತೇನಂತೀರಿ, ಅಂತಾರ."

ಹೇಗೋ ಸಮಾಧಾನ ಹೇಳಿ ಗಂಟೆ ಉಳಿಸಿದೆ. ಕೆಲವು ದಿನಗಳ ಮೇಲೆ ಬಿಸಿಲೇರುವ ಹೊತ್ತಿಗೆ ಆ ಅಂಗಳದ ಕಲ್ಲುಕಡಿಯುವವರ ದೊಡ್ಡ ಗುಂಪೇ ನನ್ನ ಬಾಗಿಲಿಗೆ ಬಂತು. "ಲಗೂನ ಬರ್ರಿ, ಫೋನು ಕೆಟ್ಟದ" ಎಂದರು. ಸಾಹುಕಾರರಿಗೇ ಇನ್ನೂ ತಿಳಿದಿರಲಿಲ್ಲ.

"ನಿಮಗ ಹ್ಯಾಂಗ ಗೊತ್ತಾಯ್ತು?" ಎಂದು ಕೇಳಿದೆ.

ಮುಂದಿದ್ದವನು ಹೊಟ್ಟೆ ಮುಟ್ಟಿ ತೋರಿಸಿದ.

ಬೀಗದಾಗಿನ ಫೋನು

ಚಿತ್ತಾಪುರದ ಕಚೇರಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ಒಬ್ಬ ಪೇಶಕಾರ ಆಚಾರ್ಯರಿದ್ದರು. ಭಾಳ ಜೋಪಾನದ ಮನುಷ್ಯ. ನಾನು ಕೊಟ್ಟ ಎರಡನೇ ಫೋನನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಕಪಾಟಿನಲ್ಲಿಟ್ಟು ಬೀಗ ಜಡಿದು, ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. "ಮಂದಿ ಮುಟ್ಟಿ ಮುಟ್ಟಿ ಸವೆಸಿಬಿಡ್ತಾರ" ಎನ್ನುವುದು ಅವರ ಚಿಂತೆ.

ಅವರು ಮೊಮ್ಮಗನ ಮುಂಜಿಗೆಂದು ಗುಂಡಗುರ್ತಿಗೆ ಹೋದ ದಿನವೇ ಮೊದಲನೇ ಫೋನು ಮೂಕಾಯಿತು. ಅಂದೇ ಗುಲಬರ್ಗಾದಿಂದ ಕಲೆಕ್ಟರ್ ಸಾಹೇಬರ ಫೋನು ಬರುವುದಿತ್ತು. ಕಚೇರಿಯ ಮಂದಿಗೆಲ್ಲ ಬೆವರು. ಬೀಗದಕೈಗಾಗಿ ನಾನೇ ಸೈಕಲ್ ಹತ್ತಿ, ಕರಿನೆಲದ ಗಾಡಿದಾರಿಯಲ್ಲಿ ಎದ್ದುಬಿದ್ದು ಗುಂಡಗುರ್ತಿ ಮುಟ್ಟಿದಾಗ ಆಚಾರ್ಯರು ಮಡಿಯಲ್ಲಿ ಪಂಕ್ತಿಗೆ ಕುಳಿತಿದ್ದರು. ಊಟದ ನಡುವೆ ಏಳುವಂತಿಲ್ಲ, ನಾನು ಅವರನ್ನು ಮುಟ್ಟುವಂತಿಲ್ಲ. ಹೋಳಿಗೆ ಮುಗಿದು, ಮಜ್ಜಿಗೆಯನ್ನ ಮುಗಿದು, ಕೈ ತೊಳೆದು ಬಂದ ಮೇಲೆ ನನ್ನ ಧೂಳುಮುಖ ನೋಡಿ ಮರುಗಿದರು.

"ಅಯ್ಯ ಪಾಪ, ಇಷ್ಟು ಬಿಸಲಾಗ ಸೈಕಲ್ ತುಳ್ಕೊಂಡು ಬರೋದೇನಿತ್ತು? ಫೋನು ಕೆಟ್ಟದಂತ ಒಂದು ಫೋನ್ ಮಾಡಿದ್ರ ನಾನೇ ಬರ್ತಿದ್ದೆ!"

ದಂಡೋತಿ ದಾರಿಯ ಅಜ್ಜಿ

ಮೊದಮೊದಲು ಎರಡೂ ತಂತಿಗಳನ್ನು ಒಂದೇ ಸಾಲಿನ ಕಂಬಗಳ ಮೇಲೆ ಎಳೆದಿದ್ದೆವು. ದಂಡೋತಿಯ ಹತ್ತಿರ ಕಲ್ಲು ಹೇರಿದ ಗಾಡಿಯ ಎತ್ತು ಬೆದರಿ ಕಂಬಕ್ಕೆ ಗುದ್ದಿತು. ಕಂಬ ಮಲಗಿತು. ನಾನು ಹೋಗಿ ತಲೆ ಮೇಲೆ ಕೈ ಹೊತ್ತು ಕುಳಿತಾಗ ಎಮ್ಮೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಬಂದಳು.

"ಎರಡು ತಂತಿ ಯಾಕ ಹಾಕಿದ್ರೋ ಯಪ್ಪಾ?"

"ಒಂದು ಹರಿದ್ರ ಇನ್ನೊಂದು ಇರ್ಲಿ ಅಂತ, ಆಯಿ."

ಅಜ್ಜಿ ನೆಲದ ಮೇಲೆ ಬಿದ್ದ ಎರಡು ತಂತಿಗಳನ್ನೂ ಬಗ್ಗಿ ನೋಡಿದಳು. "ಇದ್ರಾಗ ಇನ್ನೊಂದು ಯಾವುದು?"

ಅಲ್ಲಿಂದ ಮುಂದೆ ಎರಡನೇ ತಂತಿಗೆ ಬೇರೆ ದಾರಿ, ಬೇರೆ ಕಂಬ ಹಾಕತೊಡಗಿದೆವು.

ಸಾಫ್ ಕೇಳಿದ ಮಾತು

ಸೇಡಂನಿಂದ ಚಿಂಚೋಳಿಗೆ ಹೀಗೆ ಎರಡು ದಾರಿಯ ಲೈನು ಮುಗಿದಾಗ ತಪಾಸಣೆಗೆ ಹೈದರಾಬಾದಿನಿಂದ ದೊಡ್ಡ ಸಾಹೇಬರು ಬಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎಲ್ಲ ಅವರ ಒಂದು ಮಾತಿನ ಮೇಲಿತ್ತು. ಸಾಹೇಬರು ಬೀದರದ ಕಡೆಯವರು, ನಮ್ಮ ಮಾತು ಬರುತ್ತಿತ್ತು. ಕಿವಿ ಮಾತ್ರ ಸ್ವಲ್ಪ ಮಂದ.

ಹಿಂದಿನ ದಿನ ಎರಡೂ ಲೈನು ಛಲೋ ನಡೆದಿದ್ದವು. ಆದರೆ ಸಂಜೆ ಚಿಂಚೋಳಿ ಕಡೆ ಗಾಳಿಮಳೆ ಎದ್ದದ್ದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನಾನು ಪರೀಕ್ಷೆ ಮಾಡುವ ಮೊದಲೇ ಸಾಹೇಬರು ಒಳಗೆ ಬಂದು, ಗೋಡೆಯ ಫೋನಿಗೆ ಮುಖಮಾಡಿ ನಿಂತು, ಹಿಡಿಕೆ ತಿರುಗಿಸಿ ಕೂಗಿಯೇಬಿಟ್ಟರು.

"ಹಲೋ! ಚಿಂಚೋಳಿ ಮುನ್ಶಿ!"

"ಜೀ ಹುಜೂರ್!"

ನಾನು ಬೆಚ್ಚಿ ತಿರುಗಿದೆ. ಚಿಂಚೋಳಿಯ ಟೆಲಿಫೋನ್ ಮುನ್ಶಿ ಬಾಗಿಲಲ್ಲಿ ನಿಂತಿದ್ದ! ಮುಂಜಾನೆಯ ಮೊದಲ ಬಸ್ಸಿಗೆ ಬಂದಿಳಿದವನು, ಕೈಯಲ್ಲಿ ಒದ್ದೆ ಕೊಡೆ.

ಸಾಹೇಬರ ಮುಖ ಅರಳಿತು. "ವಾಹ್! ಎಷ್ಟು ಸಾಫ್ ಕೇಳ್ತದ! ಬಾಜೂಕ ನಿಂತಂಗೇ ಅದ!"

ನಾನು ತುಟಿಯ ಮೇಲೆ ಬೆರಳಿಟ್ಟು ಮುನ್ಶಿಗೆ ಸನ್ನೆ ಮಾಡಿದೆ. ಅವನು ಅದನ್ನು, ಬಾಯಿ ಬಿಟ್ಟು ಜೋರಾಗಿ ಹೇಳು ಎಂದು ತಿಳಿದ.

"ಮೊದಲನೇ ಲೈನ್ ಹ್ಯಾಂಗದ?" ಎಂದು ಸಾಹೇಬರು ಫೋನಿನಲ್ಲಿ ಕೇಳಿದರು.

"ಸತ್ತದ್ರಿ ಹುಜೂರ್!" ಎಂದು ಮುನ್ಶಿ ಬಾಗಿಲಿನಿಂದ ಚೀರಿದ. "ಗಿಡ ಬಿದ್ದದ!"

"ಫಿಕರ್ ಇಲ್ಲ. ಎರಡನೇದು?"

"ಅದೂ ಸತ್ತದ್ರಿ! ಸಿಡಿಲು ಹೊಡದದ!"

ಸಾಹೇಬರು ಹುಬ್ಬು ಗಂಟಿಕ್ಕಿದರು. "ಎರಡೂ ಸತ್ತಾವಂದ್ರ ನೀ ಹ್ಯಾಂಗ ಮಾತಾಡಾಕತ್ತೀ?"

"ನಿಮ್ಮ ಬೆನ್ನ ಹಿಂದ ನಿಂತು, ಹುಜೂರ್!"

ಸಾಹೇಬರು ಮೆಲ್ಲಗೆ ತಿರುಗಿದರು. ಮುನ್ಶಿ ಸಲಾಮು ಹೊಡೆದ. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದೆ. ಸಾಹೇಬರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಕೋಣೆ ನಡುಗುವ ಹಾಗೆ ನಗೆ ಬಂತು. ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದರು.

"ಶಾಬಾಸ್ ಮಿಸ್ತ್ರಿ, ನಿಮ್ಮ ನೌಕರಿ ಪಕ್ಕಾ. ಎರಡೂ ಲೈನ್ ಸತ್ತರೂ ಸುದ್ದಿ ಬಂದು ಮುಟ್ಟಿತಲ್ಲ! ಈ ಮುನ್ಶೀನ ಮೂರನೇ ಲೈನ್ ಅಂತ ಬರಕೊಳ್ರಿ."