ಇಲ್ಲದ ಪಂಥದ ನೋಂದಣಿ

ಟಿವಿಯಲ್ಲಿ ಧಾರಾವಾಹಿ ಶುರುವಾಗುವ ಮುನ್ನ, ಅದರಲ್ಲಿ ಬರುವ ಯಾವುದೂ ಲೋಕದಲ್ಲಿ ಇಲ್ಲವೆಂದು ಬರೆದು ತೋರಿಸತಕ್ಕದ್ದು. ಇದು ಕೊರಿಯಾದ ಪದ್ಧತಿ. "ಈ ಕಥೆಯ ವ್ಯಕ್ತಿ, ಸ್ಥಳ, ಸಂಸ್ಥೆ ಮತ್ತು ಧರ್ಮಗಳಿಗೂ ವಾಸ್ತವಕ್ಕೂ ಯಾವ ಸಂಬಂಧವೂ ಇಲ್ಲ" ಎಂಬ ವಾಕ್ಯ ಕಪ್ಪು ಪರದೆಯ ಮೇಲೆ ಬಂದು, ಯಾರಾದರೂ ಓದುವ ಮೊದಲೇ ಹೋಗಿಬಿಡುತ್ತದೆ. ಓದುವವರಿಲ್ಲದಿದ್ದರೂ ವಾಕ್ಯವೆಂದ ಮೇಲೆ ಅದು ನಿಜವಾಗಿರಬೇಕು. ನಿಜವೇ ಎಂದು ನೋಡಿಕೊಳ್ಳಲು ಒಬ್ಬರು ಬೇಕು. ಸಿಯೋಲ್‌ನ ಒಂದು ನಿರ್ಮಾಣ ಸಂಸ್ಥೆಯಲ್ಲಿ ಆ ಒಬ್ಬರು ಬಾಂಗ್ ಮಿರಾನ್.

ಮಿರಾನ್‌ಳ ಹುದ್ದೆ ಕಿರಿಯ ಬರಹಗಾರ್ತಿ. ಇಪ್ಪತ್ತಾರಕ್ಕೆ ಸಂಸ್ಥೆಗೆ ಸೇರಿದಾಗ ಎಲ್ಲರಿಗಿಂತ ಕಿರಿಯಳಾಗಿದ್ದಳು. ಅವಳ ನಂತರ ಯಾರನ್ನೂ ತೆಗೆದುಕೊಳ್ಳಲಿಲ್ಲವಾದ್ದರಿಂದ ಮೂವತ್ತೇಳಕ್ಕೂ ಕಿರಿಯಳಾಗಿಯೇ ಉಳಿದಿದ್ದಳು. ಕಿರಿಯರಾದವರು ಕಾಫಿ ತರತಕ್ಕದ್ದು, ಮುಖ್ಯ ಬರಹಗಾರ್ತಿ ಓಕ್ ಮೇಡಂ ಬರೆದದ್ದನ್ನು ತಿದ್ದತಕ್ಕದ್ದು, ಓಕ್ ಮೇಡಂ ಬರೆಯದೇ ಇದ್ದದ್ದನ್ನು ಬರೆಯತಕ್ಕದ್ದು. ಪರದೆಯ ಮೇಲೆ ಹೆಸರು ಮಾತ್ರ ಓಕ್ ಮೇಡಂ ಅವರದು. ಅವರ ಮನಸ್ಸು ದೊಡ್ಡದು, ಆ ಹೊಣೆಯನ್ನು ಯಾರ ಮೇಲೂ ಹೊರಿಸುತ್ತಿರಲಿಲ್ಲ.

ಗುನ್ಸಾನಿನ ಸಂತೆಬೀದಿಯಲ್ಲಿ ಕಿಮ್ಚಿ, ಪಲ್ಯಗಳ ಅಂಗಡಿ ಇಟ್ಟುಕೊಂಡಿದ್ದ ಅವಳ ತಾಯಿಗೆ ಈ ವ್ಯವಸ್ಥೆ ಗೊತ್ತಿರಲಿಲ್ಲ. ಮಗಳ ಧಾರಾವಾಹಿ ಮುಗಿಯುವ ಹೊತ್ತಿಗೆ ಆಕೆ ಕನ್ನಡಕ ಹಾಕಿಕೊಂಡು ಟಿವಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು. ಹೆಸರುಗಳು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿಹೋಗುತ್ತಿದ್ದವು. "ಈ ಸಲಾನೂ ತಪ್ಪಿಹೋಯ್ತು ಕಣೇ. ನಂದೇ ಕಣ್ಣು ಮಂಜು" ಎಂದು ಫೋನ್ ಮಾಡುತ್ತಿದ್ದರು. ಮಂಜಾಗಿರುವುದು ಕಣ್ಣಲ್ಲ ಎಂದು ಹೇಳಲು ಮಿರಾನ್‌ಗೆ ಬಾಯಿ ಬರುತ್ತಿರಲಿಲ್ಲ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಅಳುತ್ತಿದ್ದಳು, ಆಮೇಲೆ ಕಾಫಿ ತರಲು ಹೋಗುತ್ತಿದ್ದಳು.

ಈ ಸಲ ಮಾತ್ರ ಓಕ್ ಮೇಡಂ ತಾವಾಗಿಯೇ ಮಾತು ಕೊಟ್ಟಿದ್ದರು. "ಇದೊಂದು ಮುಗಿಸ್ಕೊಡು, ನನ್ನ ಹೆಸರಿನ ಪಕ್ಕದಲ್ಲೇ ನಿನ್ನ ಹೆಸರು ಹಾಕಿಸ್ತೀನಿ." ತಾಯಿ ಆ ಸುದ್ದಿಯನ್ನು ಮೀನಂಗಡಿಗಳ ಸಾಲಿನ ತುದಿಯವರೆಗೂ ತಲುಪಿಸಿಯಾಗಿತ್ತು.

ಧಾರಾವಾಹಿಯ ಹೆಸರು 'ಬಿಳಿ ಕೈಗವಸು'. ಬಿಳಿ ಕೈಗವಸು ತೊಟ್ಟ ಕಪಟ ಗುರುವೊಬ್ಬ ಮುಗ್ಧ ಜನರನ್ನು ಮರುಳು ಮಾಡಿ ಕೂಡಿಹಾಕುವುದು, ಕೊನೆಗೆ ಸಿಕ್ಕಿಬೀಳುವುದು ಅದರ ಕಥೆ. ಮೂಢನಂಬಿಕೆಯ ವಿರುದ್ಧ ಸಮರವೆಂದು ಪ್ರಕಟಣೆ ಹೊರಟಿತ್ತು. ಮುಹೂರ್ತದ ದಿನವನ್ನು ಹೆಸರಾಂತ ಜ್ಯೋತಿಷಿಯೊಬ್ಬರು ಗೊತ್ತುಮಾಡಿಕೊಟ್ಟರು. ಆ ದಿನ ಬೇಯಿಸಿದ ಹಂದಿಯ ತಲೆಯನ್ನು ಮೇಜಿನ ಮೇಲಿಟ್ಟು, ಅದರ ಬಾಯಿಗೆ ನೋಟು ಸಿಕ್ಕಿಸಿ ಎಲ್ಲರೂ ಅಡ್ಡಬಿದ್ದರು. ಹಂದಿ ನಗುತ್ತಿತ್ತು. ನಗುವ ಹಂದಿಗೆ ಬೆಲೆ ಜಾಸ್ತಿ, ಆದರೆ ಧಾರಾವಾಹಿ ಗೆಲ್ಲುವುದು ಖಂಡಿತ.

ಭಕ್ತರ ಪಾಡಿನ ದೃಶ್ಯಗಳನ್ನೆಲ್ಲ ಮಿರಾನ್‌ಳೇ ಬರೆದಿದ್ದಳು. ಅವರು ನಿಂತೇ ತಣ್ಣಗಿನ ಅನ್ನ ತಿನ್ನುತ್ತಾರೆ, ಕರೆದಾಗಲೆಲ್ಲ ಓಡುತ್ತಾರೆ, ಮನೆಗೆ ಹೋಗಲು ಅಪ್ಪಣೆ ಕೇಳುತ್ತಾರೆ, ಮುಂದೆ ಒಳ್ಳೆಯದಾಗುತ್ತದೆ ಎಂಬ ಮಾತಿನ ಮೇಲೆ ವರ್ಷಗಟ್ಟಲೆ ದುಡಿಯುತ್ತಾರೆ.

"ಮೈ ಜುಮ್ಮೆನ್ನುತ್ತೆ ಕಣೇ" ಎಂದರು ಓಕ್ ಮೇಡಂ. "ಎಲ್ಲಿಂದ ತಂದೆ ಇದನ್ನೆಲ್ಲ?"

"ನೋಡಿದ್ದು, ಮೇಡಂ."

"ಪಾಪ, ಎಂಥ ಜನ ಇರ್ತಾರೆ ನೋಡು" ಎಂದು ಓಕ್ ಮೇಡಂ ಕಾಫಿ ತರಲು ಹೇಳಿದರು.

ತೊಡಕು ಬಂದದ್ದು ಕಪಟ ಪಂಥದ ಹೆಸರಿನಲ್ಲಿ. ಮಿರಾನ್ ಮೊದಲು 'ಹೊಸ ಬೆಳಗಿನ ಸಭೆ' ಎಂದಿಟ್ಟಳು. ಪತ್ರಿಕೆಯಲ್ಲಿ ಬಂದ ಮಾರನೆಯ ದಿನವೇ ಆ ಹೆಸರಿನ ಸಭೆಯವರು ಪೇರುಹಣ್ಣಿನ ಬುಟ್ಟಿ ಹಿಡಿದು ಬಂದರು. ಅವರಿಗೆ ಕೋಪವಿರಲಿಲ್ಲ. ಗುರುವಿನ ಪಾತ್ರದ ನಟ ಕುಳ್ಳಗಿದ್ದಾನೆ, ತಮ್ಮ ಗುರುಗಳು ಎತ್ತರ, ಅದೊಂದು ಸರಿಮಾಡಿದರೆ ಸಾಕು ಎಂದರು. ಹೆಸರನ್ನು 'ಹನ್ನೆರಡನೆಯ ಮೆಟ್ಟಿಲು' ಎಂದು ಬದಲಿಸಿದಾಗ ಎರಡು ತಂಡಗಳು ಬಂದವು. ಇನ್ನೊಂದು ತಂಡ ನಕಲಿ ಎಂದು ಎರಡೂ ತಂಡಗಳು ಒಮ್ಮತದಿಂದ ಹೇಳಿದವು. ಬೇಸತ್ತ ಮಿರಾನ್ ಕಣ್ಣುಮುಚ್ಚಿ 'ಸುಟ್ಟ ಗೆಣಸಿನ ಬಂಧುಗಳು' ಎಂದು ಬರೆದಳು. ಆ ಸಂಜೆಯೇ ನಿವೃತ್ತ ಸೇನಾಧಿಕಾರಿಯೊಬ್ಬರ ಫೋನು ಬಂತು.

"ನಾವು ಗುರುವಾರ ಗುರುವಾರ ಸೇರ್ತೀವಿ" ಎಂದರು ಅವರು, ಬಹಳ ಸಂತೋಷದಿಂದ. "ಟಿವಿಯವರಿಗೆ ನಮ್ಮ ಗೆಣಸಿನ ವಿಷಯ ಹೇಗೆ ಗೊತ್ತಾಯ್ತು?"

ಸಂಸ್ಥೆಯ ನಾಮ್‌ಗುಂಗ್ ವಕೀಲರು ಸಭೆ ಕರೆದರು. ಮನುಷ್ಯ ಊಹಿಸಬಹುದಾದ ಧರ್ಮವನ್ನೆಲ್ಲ ಈ ದೇಶದಲ್ಲಿ ಯಾರೋ ಒಬ್ಬರು ಆಗಲೇ ಶುರುಮಾಡಿದ್ದಾರೆಂಬ ಅಂಶವನ್ನು ಸಭೆ ದಾಖಲಿಸಿಕೊಂಡಿತು. ಆದಕಾರಣ ಪಂಥ ಇಲ್ಲವೆಂದು ಬರೆಯಬೇಕಾದರೆ, ಇಲ್ಲವೆಂಬುದಕ್ಕೆ ಸರ್ಕಾರಿ ಪತ್ರ ತರತಕ್ಕದ್ದೆಂದು ತೀರ್ಮಾನವಾಯಿತು. ಮಿರಾನ್ ಮತ್ತೊಂದು ಹೆಸರು ಯೋಚಿಸಿದಳು. ಅಲ್ಲಿನ ಮನೆಗಳಲ್ಲಿ ಚಳಿಗೆ ನೆಲವನ್ನೇ ಬಿಸಿಮಾಡುತ್ತಾರೆ. ಮಹಡಿಯ ಮೇಲಿನ ಅವಳ ಬಾಡಿಗೆ ಕೋಣೆಯ ನೆಲ ಮಾತ್ರ ಚಳಿಗಾಲದಲ್ಲೂ ಬಿಸಿಯಾಗುತ್ತಿರಲಿಲ್ಲವಾದ್ದರಿಂದ ಅವಳಿಗೆ ಹೊಳೆದದ್ದು 'ಬೆಚ್ಚನೆಯ ನೆಲದ ಬಳಗ'. ಅದನ್ನು ಹಿಡಿದು ನೋಂದಣಿ ಕಚೇರಿಗೆ ಹೋದಳು.

"ಈ ಹೆಸರಿನ ಧರ್ಮ ಇಲ್ಲ ಅಂತ ಒಂದು ಪತ್ರ ಬೇಕಿತ್ತು, ಸರ್."

ಕಿಟಕಿಯಾಚೆಯ ಗುಮಾಸ್ತ ಚೀಟಿಯನ್ನು ಎರಡು ಬದಿಯೂ ನೋಡಿದ. "ಇರೋದಕ್ಕೆ ಪತ್ರ ಕೊಡ್ತೀವಿ ಮೇಡಂ. ಇಲ್ದೇ ಇರೋದಕ್ಕೆಲ್ಲ ಪತ್ರ ಬರೀತಾ ಕೂತ್ರೆ ನಾನು ಮನೆಗೆ ಹೋಗೋದು ಯಾವಾಗ?"

"ನಾಳೆ ಇನ್ಯಾರೋ ಇದೇ ಹೆಸರು ಇಟ್ಕೊಂಡ್ರೆ?"

"ಇವತ್ತು ನೀವೇ ಇಟ್ಕೊಂಬಿಡಿ. ಆಮೇಲೆ ಬೇರೆಯವ್ರಿಗೆ ಕೊಡಲ್ಲ."

ನಾಮ್‌ಗುಂಗ್ ವಕೀಲರಿಗೆ ಇದು ಹಿಡಿಸಿತು. "ಧರ್ಮ ನಮ್ಮದೇ ಆಗ್ಬಿಟ್ರೆ, ಅದು ಇಲ್ಲ ಅಂತ ಸಹಿ ಹಾಕೋ ಅಧಿಕಾರವೂ ನಮ್ಮದೇ ಅಲ್ವಾ" ಎಂದರು. ನಿರ್ಮಾಪಕ ಗುಕ್ ಅವರೂ ತಲೆಯಾಡಿಸಿದರು. ಆದರೆ ಸಂಸ್ಥೆಯ ಹೆಸರಿನಲ್ಲಿ ಧರ್ಮ ಸ್ಥಾಪಿಸಿದರೆ ಷೇರುದಾರರು ಏನಂದಾರು? ಇಂಥ ಕೆಲಸಗಳನ್ನು ಕಿರಿಯರು ಮಾಡುವುದು ವಾಡಿಕೆಯಾದ್ದರಿಂದ ಮಿರಾನ್ ಸಂಸ್ಥಾಪಕಿಯಾದಳು.

ನೋಂದಣಿಗೆ ಒಂದು ಸ್ಥಳ, ಕೆಲವು ಸದಸ್ಯರು ಮತ್ತು ಧರ್ಮಸೂತ್ರಗಳು ಬೇಕಿದ್ದವು. ಸ್ಥಳಕ್ಕೆ ತನ್ನ ತಣ್ಣನೆಯ ಕೋಣೆಯನ್ನೇ ತೋರಿಸಿದಳು. ಸೂತ್ರಗಳನ್ನು ಧಾರಾವಾಹಿಯಿಂದಲೇ ಎತ್ತಿಕೊಳ್ಳೋಣವೆಂದರೆ, ಅದರ ಹಕ್ಕು ಓಕ್ ಮೇಡಂ ಅವರದೆಂದು ವಕೀಲರು ತಡೆದರು. ಹೀಗಾಗಿ ಒಂದು ಮಧ್ಯಾಹ್ನ, ತಣ್ಣಗಾದ ಅನ್ನದ ಡಬ್ಬಿಯನ್ನು ಪಕ್ಕಕ್ಕಿಟ್ಟು, ಮನಸ್ಸಿಗೆ ಬಂದದ್ದನ್ನು ತಾನೇ ಬರೆದಳು. ಊಟವನ್ನು ಕೂತು, ಬಿಸಿಯಿರುವಾಗಲೇ ಮಾಡತಕ್ಕದ್ದು. ಮೂವತ್ತು ದಾಟಿದವರನ್ನು ಕಿರಿಯರೆಂದು ಕರೆಯುವುದು ಪಾಪ. ಚಿತ್ರೀಕರಣದ ದಿನವೇ ಬರೆದು ಕಳಿಸಿದ ಸಂಭಾಷಣೆ ಮೈಲಿಗೆ, ಅದನ್ನು ಮುಟ್ಟತಕ್ಕದ್ದಲ್ಲ. ಕಚೇರಿಯ ಪಾನಗೋಷ್ಠಿಯಲ್ಲಿ ಒಲ್ಲದವರಿಂದ ಹಾಡಿಸಿದರೆ ಪ್ರಾಯಶ್ಚಿತ್ತವುಂಟು. ಕತ್ತಲಾದ ಮೇಲೆ ಪ್ರತಿಯೊಬ್ಬನೂ ಅವನವನ ಮನೆಯ ಬೆಚ್ಚನೆಯ ನೆಲವನ್ನು ಸೇರತಕ್ಕದ್ದು, ಮೋಕ್ಷವೆಂದರೆ ಅದೇ.

ಅಲ್ಲಿ ಸಹಿಯ ಬದಲು ಪ್ರತಿಯೊಬ್ಬರೂ ತಮ್ಮ ಹೆಸರಿನ ಮುದ್ರೆ ಒತ್ತುತ್ತಾರೆ. ಸದಸ್ಯರ ಮುದ್ರೆಗಾಗಿ ಅವಳು ಮೊದಲು ಹೋದದ್ದು ಲೈಟಿಂಗ್ ವಿಭಾಗದ ಮ್ಯಾಂಗ್ ಅವರ ಬಳಿ. ಕೂದಲು ಬೆಳ್ಳಗಾದ ಗಟ್ಟಿ ಆಳು, ಮಾತು ಕಡಿಮೆ. ಸೂತ್ರಗಳನ್ನು ಓದಿದರು, ಮತ್ತೆ ಮೊದಲಿಂದ ಓದಿದರು.

"ಇದಕ್ಕೆ ಸೇರೋಕೆ ಉಪವಾಸ ಗಿಪವಾಸ ಇದೆಯೇನಮ್ಮ?"

"ಇಲ್ಲಣ್ಣ. ಉಪವಾಸ ನಿಷಿದ್ಧ. ಸುಮ್ನೆ ಕಾಗದಕ್ಕೋಸ್ಕರ, ಮುದ್ರೆ ಒತ್ತಿದ್ರೆ ಸಾಕು."

ಮ್ಯಾಂಗ್ ಜೇಬಿನಿಂದ ಮುದ್ರೆ ತೆಗೆದು, ಬಾಯಿಂದ ಊದಿ, ಗಟ್ಟಿಯಾಗಿ ಒತ್ತಿದರು. "ಇಷ್ಟು ವರ್ಷ ಎಲ್ಲಿತ್ತಮ್ಮ ಈ ಧರ್ಮ?" ಎಂದರು.

ಸಂಜೆಯೊಳಗೆ ಕ್ಯಾಮೆರಾದವರು, ಮೇಕಪ್‌ನವರು, ವ್ಯಾನಿನ ಚಾಲಕರು ಮುದ್ರೆ ಒತ್ತಿದ್ದರು. ಭಕ್ತರ ಪಾತ್ರಕ್ಕೆ ಕೂಲಿಯ ಮೇಲೆ ಬಂದಿದ್ದ ಹೆಂಗಸರು ಸಾಲುಗಟ್ಟಿ ನಿಂತು ಒತ್ತಿದರು. ಕಪಟ ಗುರುವಿನ ಪಾತ್ರಧಾರಿ ಕೈಗವಸು ಕಳಚಿ ಒತ್ತಿದ. ನೋಂದಣಿ ಕಚೇರಿಯ ಗುಮಾಸ್ತ ಸೂತ್ರಗಳನ್ನು ಓದಿ, ಕಚೇರಿಯ ಮುದ್ರೆ ಒತ್ತಿ, ಆಚೀಚೆ ನೋಡಿ, ಸದಸ್ಯರ ಸಾಲಿನಲ್ಲಿ ತನ್ನದೂ ಒಂದು ಒತ್ತಿಕೊಟ್ಟ.

ಮುಂದಿನ ಘಟನೆ ಚಿತ್ರೀಕರಣದ ಅತಿ ಮುಖ್ಯ ದೃಶ್ಯದ ದಿನ ಸಂಭವಿಸಿತು. ಗುರು ಎತ್ತರದ ಪೀಠದ ಮೇಲೆ ನಿಂತು, ಎರಡೂ ಕೈ ಚಾಚಿ, ಲೋಕ ಮುಳುಗಲಿದೆಯೆಂದು ಘೋಷಿಸುತ್ತಿದ್ದ. ಕೆಳಗೆ ಭಕ್ತರು ಎದೆ ಬಡಿದುಕೊಂಡು ಅಳುತ್ತಿದ್ದರು. ಅಷ್ಟರಲ್ಲಿ ಹೊರಗೆ ತಂಡದ ಊಟಕ್ಕೆ ಎಲುಬಿನ ಸಾರಿನ ಗಾಡಿ ಬಂದು ನಿಂತಿತು. ಮ್ಯಾಂಗ್ ದೀಪ ಆರಿಸಿದರು. ಭಕ್ತರು ಕಣ್ಣೊರೆಸಿಕೊಂಡು ಎದ್ದರು. ಗುರು ಪೀಠದಿಂದ ಹುಷಾರಾಗಿ ಇಳಿದ.

"ಏನ್ರೀ ಇದು?" ಗುಕ್ ಓಡಿಬಂದರು. "ಲೋಕ ಇನ್ನೂ ಮುಳುಗಿಲ್ಲ!"

"ಸಾರು ಆರಿಹೋಗುತ್ತೆ ಸರ್" ಎಂದರು ಮ್ಯಾಂಗ್, ಬಹಳ ಮರ್ಯಾದೆಯಿಂದ. "ಧರ್ಮದ ವಿಷಯ."

"ಯಾವ ಧರ್ಮ?"

"ನೀವೇ ಮಾಡಿಸಿದ್ದು, ಸರ್."

ಗುಕ್ ಅಲ್ಲಿಂದಲೇ ವಕೀಲರಿಗೆ ಫೋನ್ ಹಚ್ಚಿದರು. ಧಾರ್ಮಿಕ ಸ್ವಾತಂತ್ರ್ಯ ಸಂವಿಧಾನದಲ್ಲಿದೆ, ಸಾರಿನ ಊಟಕ್ಕೆ ಅಡ್ಡಿಪಡಿಸುವಂತಿಲ್ಲ ಎಂದರು ನಾಮ್‌ಗುಂಗ್. "ಬಲವಂತವಾಗಿ ನಿಲ್ಲಿಸಿಕೊಂಡ್ರೆ ಇನ್ನೂ ಅಪಾಯ ಸರ್. ಜನರನ್ನ ಮನೆಗೆ ಬಿಡದೆ ಕೂಡಿಹಾಕೋದು ನಮ್ಮ ಕಥೆಯ ಖಳನಾಯಕ. ಹೋಲಿಕೆ ಬಂದುಬಿಡುತ್ತೆ." ಗುಕ್ ತಲೆ ಕೆರೆದುಕೊಂಡರು. ಆಮೇಲೆ ಅವರೂ ಒಂದು ಬಟ್ಟಲು ಹಿಡಿದು ಕೂತರು. ನಿರ್ಮಾಪಕರಾದ ಮೇಲೆ ಸಾರು ಬಿಸಿಯಾಗಿರುತ್ತದೆಂಬುದನ್ನು ಅವರು ಮರೆತೇಬಿಟ್ಟಿದ್ದರು.

ಅಂದಿನಿಂದ ಚಿತ್ರೀಕರಣ ಹಗಲಿನಲ್ಲಷ್ಟೇ ನಡೆಯಿತು. ಓಕ್ ಮೇಡಂ ಬೆಳಗ್ಗೆ ಕಳಿಸಿದ ಸಂಭಾಷಣೆಯನ್ನು ಯಾರೂ ಕೈಯಿಂದ ಮುಟ್ಟಲಿಲ್ಲವಾದ್ದರಿಂದ, ಅವರು ಮೊದಲೇ ಬರೆಯುವ ಅನಿವಾರ್ಯತೆಗೆ ಒಳಗಾದರು. ಅಂದರೆ ಮಿರಾನ್ ಮೊದಲೇ ಬರೆದಳು. ಪ್ರಸಾರದ ದಿನ ಹತ್ತಿರವಾದಾಗ ಕೊನೆಯ ಸಭೆ ಸೇರಿತು.

"ನಿನ್ನ ಹೆಸರು ಹಾಕಿಸ್ಬೇಕು ಅಂತ ನಂಗೆ ಎಷ್ಟು ಆಸೆ ಇತ್ತು ಗೊತ್ತಾ" ಎಂದು ಓಕ್ ಮೇಡಂ ಅವಳ ಕೈ ಹಿಡಿದುಕೊಂಡರು. "ವಕೀಲರೇ ಬೇಡ ಅಂತಿದಾರೆ ಕಣೇ."

"ಒಂದು ಧರ್ಮದ ಸಂಸ್ಥಾಪಕರು ಧರ್ಮದ ಬಗ್ಗೆ ಧಾರಾವಾಹಿ ಬರೆದ್ರೆ ಪಕ್ಷಪಾತ ಆಗುತ್ತೆ" ಎಂದರು ನಾಮ್‌ಗುಂಗ್. "ಬರಹಗಾರರ ಪಟ್ಟಿಯಿಂದ ಹೆಸರು ತೆಗೀಲೇಬೇಕು."

ಮಿರಾನ್‌ಗೆ ಕಣ್ಣು ತುಂಬಿತು. ಅಮ್ಮ ಅಂಗಡಿಗೆ ದೊಡ್ಡ ಟಿವಿ ಬಾಡಿಗೆಗೆ ತರಿಸಿದ್ದರು. ಮೀನಿನವರೆಲ್ಲ ಅಂದು ಬೇಗ ಬಾಗಿಲು ಹಾಕುವವರಿದ್ದರು. ಅಷ್ಟು ಜನರ ಮುಂದೆ ಆಕೆ ಮತ್ತೆ ತನ್ನ ಕಣ್ಣನ್ನೇ ಬೈದುಕೊಳ್ಳಬೇಕು. "ಆಯ್ತು ಸರ್" ಎಂದಳು, ಹನ್ನೊಂದು ವರ್ಷದ ಅಭ್ಯಾಸದಿಂದ.

"ಇನ್ನೊಂದು ವಿಷಯ" ಎಂದರು ವಕೀಲರು. "ಶುರುವಿನ ವಾಕ್ಯ ಈಗ ಸುಳ್ಳಾಗಿದೆ. ಈ ಧರ್ಮ ಇಲ್ಲ ಅಂತೀವಿ, ಆದ್ರೆ ಇದೆ. ಸರ್ಕಾರದ ಮುದ್ರೆಯೇ ಇದೆ. ತಿದ್ದಬೇಕು." ತಿದ್ದಿದ್ದನ್ನು ಸಭೆಗೆ ಓದಿ ಹೇಳಿದರು. ಯಾವ ನೋಡುಗನೂ ಓದಲಿಲ್ಲವೆಂದು ನಾಳೆ ತಕರಾರು ತೆಗೆಯದಂತೆ, ಅಕ್ಷರಗಳು ದಪ್ಪವಾಗಿರತಕ್ಕದ್ದು, ನಿಧಾನವಾಗಿ ಓದುವವರು ಓದಿ ಮುಗಿಸುವವರೆಗೆ ಪರದೆಯ ಮೇಲೆ ನಿಲ್ಲತಕ್ಕದ್ದು, ಪ್ರತಿ ಕಂತಿನಲ್ಲೂ ತೋರಿಸತಕ್ಕದ್ದು. ಸಭೆ ಒಪ್ಪಿತು.

ಮೊದಲ ಕಂತು ಬಂತು. ಗುನ್ಸಾನಿನ ಪಲ್ಯದ ಅಂಗಡಿಯಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಕಪ್ಪು ಪರದೆಯ ಮೇಲೆ ಅಕ್ಷರಗಳು ಮೂಡಿ, ಕುರ್ಚಿ ಹಾಕಿ ಕೂತ ಹಾಗೆ ನಿಂತುಬಿಟ್ಟವು.

"ಬೆಚ್ಚನೆಯ ನೆಲದ ಬಳಗ ನಿಜವಾಗಿ ಇರುವ ಧರ್ಮ. ಸಂಸ್ಥಾಪಕಿ: ಬಾಂಗ್ ಮಿರಾನ್. ಇದಕ್ಕೂ ಈ ಧಾರಾವಾಹಿಗೂ ಯಾವ ಸಂಬಂಧವೂ ಇಲ್ಲ."

ಕಂತಿನ ಕೊನೆಯಲ್ಲಿ ಓಕ್ ಮೇಡಂ ಅವರ ಹೆಸರು ಎಂದಿನಂತೆ ಓಡಿಹೋಯಿತು. ಅಷ್ಟು ಹೊತ್ತಿಗೆ ಮಿರಾನ್‌ಳ ಫೋನು ಬಡಿದುಕೊಳ್ಳುತ್ತಿತ್ತು.

"ಕಂಡೆ ಕಣೇ! ಕನ್ನಡಕ ಇಲ್ದೇನೇ ಓದ್ಬಿಟ್ಟೆ. ಎಷ್ಟು ಹೊತ್ತು ಇತ್ತು ಅಂತೀಯ! ನನ್ನ ಕಣ್ಣು ಸರಿಹೋಯ್ತು ನೋಡು."

"ಹೂಂ ಅಮ್ಮ. ಸರಿಹೋಯ್ತು."

"ಇದೇನೇ ಇದು ಸಂಸ್ಥಾಪಕಿ? ಕಾಂಟ್ರಾಕ್ಟ್ ಕೆಲಸಾನಾ?"

"ಇಲ್ಲಮ್ಮ, ಪರ್ಮನೆಂಟು. ಬದುಕಿರೋವರೆಗೂ ತೆಗೆಯೋ ಹಾಗಿಲ್ವಂತೆ."

ತಾಯಿ ತಮ್ಮ ಊರಿನ ಚರ್ಚಿನ ಹಿರಿಯ ಸೇವಕಿ, ಪ್ರಾರ್ಥನೆ ತಪ್ಪಿಸಿದವರಲ್ಲ. ಅವರು ಬೈಯುವರೆಂದು ಮಿರಾನ್ ಉಸಿರು ಹಿಡಿದು ಕಾದಳು. ತಾಯಿ ಬೀದಿಯ ಕಡೆ ತಿರುಗಿ ಕೂಗಿದರು: "ಪರ್ಮನೆಂಟಂತೆ!" ಮೀನಿನವರು ಹೋ ಎಂದು ಚಪ್ಪಾಳೆ ತಟ್ಟಿದ್ದು ಫೋನಿನಲ್ಲಿ ಕೇಳಿಸಿತು.

"ಅಲ್ಲ ಕಣೇ" ಎಂದರು ತಾಯಿ, ಈಗ ದನಿ ತಗ್ಗಿಸಿ. "ನಿಮ್ಮಲ್ಲಿ ಊಟ ಕೂತು, ಬಿಸಿಬಿಸಿ ಮಾಡ್ಬೇಕಂತೆ, ಹೌದಾ? ಪೇಪರಿನಲ್ಲಿ ಬಂದಿತ್ತು."

"ಹೌದಮ್ಮ. ಮೊದಲನೇ ಸೂತ್ರ."

"ಅಂಗಡಿ ಇಟ್ಟ ಮೇಲೆ ನಾನು ಕೂತು ಉಂಡಿದ್ದೇ ಇಲ್ಲ ಕಣೇ. ಬೆಳಗ್ಗೆ ಚರ್ಚಿಗೆ ಹೋಗ್ತೀನಿ, ಅದನ್ನ ಬಿಡಲ್ಲ. ಮಧ್ಯಾಹ್ನಕ್ಕೆ ನನ್ನನ್ನ ನಿನ್ನ ಧರ್ಮಕ್ಕೆ ಹಾಕ್ಕೋ."